ಹೊಸಪೇಟೆ ಟೇಸನ್ನಿನ ರಟ್ಟಿನ ಟಿಕೆಟು

ಎಂಬತ್ತರ ದಶಕದಲ್ಲಿ ಕಡ್ಡಿರಾಂಪುರ, ಕಮಲಾಪುರ, ಅನಂತಶಯನಗುಡಿ ಕಡೆ ಬೆಳೆದ ನಮ್ಮ ವಾರಗೆಯವರಿಗೆ ರೈಲು ಎಂದರೆ ಹೊಸಪೇಟೆ ಟೇಸನ್ನು, ಟೇಸನ್ನು ಎಂದರೆ ರಟ್ಟಿನ ಟಿಕೆಟು. ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ಆ ಗಟ್ಟಿ ತುಂಡನ್ನು ಅಂಗಿಯ ಮೇಲಿನ ಜೇಬಿಗೆ ಹಾಕಿಕೊಂಡರೆ ಊರು ದಾಟುವ ಹಕ್ಕು ನಮ್ಮದಾಯಿತು ಎಂಬ ಧೈರ್ಯ. ಈಗ ಬೆಂಗಳೂರಿನ ಮೆಟ್ರೋದಲ್ಲಿ ಕಾರ್ಡು ಮುಟ್ಟಿಸಿ ಒಳಗೆ ಹೋಗುವ ನನ್ನ ಗೆಳೆಯರು ಸೇರಿದಾಗಲೆಲ್ಲ ಮಾತು ಆ ಟಿಕೆಟಿನ ಕಡೆಗೇ ತಿರುಗುತ್ತದೆ. ಆ ದಿನಗಳನ್ನು ಕಂಡವರು ಇನ್ನೂ ಸಾಕಷ್ಟು ಜನ ಇದ್ದೇವೆ. ಕಾಣದವರಿಗೆ ಹೇಳುವ ಹೊಣೆಯೂ ನಮ್ಮದೇ.

ಕಡ್ಡಿರಾಂಪುರದಿಂದ ಹೊಸಪೇಟೆಗೆ ಹತ್ತು ಕಿಲೊಮೀಟರಿನಷ್ಟು ದಾರಿ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಸೈಕಲ್ಲು. ಎರಡೂ ಕಡೆ ಬಾಳೆ, ಕಬ್ಬು. ವಿಜಯನಗರದ ಕಾಲದಿಂದ ಹರಿದುಬಂದ ಕಾಲುವೆಗಳ ನೀರು ಗದ್ದೆಗೆ ಇಳಿಯುವ ಸದ್ದು. ಊರಂಚಿನ ಹಳೆಯ ಗುಮ್ಮಟದ ಗೋರಿಗಳನ್ನು ದಾಟಿ, ಅನಂತಶಯನಗುಡಿಯ ರೈಲ್ವೆ ಗೇಟು ಬಂತೆಂದರೆ ಎದೆಬಡಿತ ಜೋರು. ಗೇಟು ಹಾಕಿದ್ದರೆ ಮುಂದೆ ಹೋಗುತ್ತಿರುವುದು ನಮ್ಮ ಗಾಡಿಯೋ, ಅದಿರಿನ ಗೂಡ್ಸೋ ಎಂಬ ಚರ್ಚೆ. ಹಿರಿಯರು ಸದ್ದಿನಲ್ಲೇ ಹೇಳುತ್ತಿದ್ದರು: "ಗೂಡ್ಸೋ ತಮ್ಮಾ, ಗಾಬರಿ ಆಗಬ್ಯಾಡ, ನಿಧಾನ ಹೋಗ್ರಿ."

ಟಿಕೆಟು ಕೊಡುವ ಕಿಂಡಿಯ ಮುಂದೆ ನಿಂತವರಿಗೆ ಒಳಗಿನ ಮರದ ಗೂಡು ಕಾಣುತ್ತಿತ್ತು. ಸಾಲುಸಾಲು ಸಣ್ಣ ಖಾನೆ, ಒಂದೊಂದು ಖಾನೆಗೂ ಒಂದೊಂದು ಊರು. ಪಾಪಿನಾಯಕನಹಳ್ಳಿ, ಗಾದಿಗನೂರು, ತೋರಣಗಲ್ಲು, ದರೋಜಿ, ಕುಡತಿನಿ, ಬಳ್ಳಾರಿ ಒಂದು ಕಡೆಗಾದರೆ ಮುನಿರಾಬಾದು, ಗಿಣಿಗೇರಾ, ಕೊಪ್ಪಳ ಇನ್ನೊಂದು ಕಡೆಗೆ. ಟಿಕೆಟುಗಳು ಮೊದಲೇ ಅಚ್ಚಾಗಿ, ಕ್ರಮಸಂಖ್ಯೆ ಹೊತ್ತು, ಕಟ್ಟು ಕಟ್ಟಾಗಿ ಬಂದು ಅಲ್ಲಿ ಕೂತಿರುತ್ತಿದ್ದವು. ಗುಮಾಸ್ತರು ಒಂದನ್ನು ಎಳೆದು, ಪಕ್ಕದ ಕಬ್ಬಿಣದ ಯಂತ್ರದ ಬಾಯಿಗೆ ತುರುಕಿ ಠಕ್ಕೆಂದು ಒತ್ತಿದರೆ ಆ ದಿನದ ತಾರೀಖು ಮೂಡುತ್ತಿತ್ತು. ಆ ಠಕ್ ಸದ್ದು ಕೇಳಿದ ಮೇಲೆಯೇ ಪ್ರಯಾಣ ಖಚಿತ. "ಚಿಲ್ಲರೆ ಕೊಡ್ರಿ, ಚಿಲ್ಲರೆ" ಎಂಬ ಕೂಗು ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

ಆ ಕ್ರಮಸಂಖ್ಯೆಯಲ್ಲಿ ಇಡೀ ಲೆಕ್ಕ ಅಡಗಿತ್ತು. ಬೆಳಿಗ್ಗೆ ಬಳ್ಳಾರಿಯ ಖಾನೆಯಲ್ಲಿ ಯಾವ ಸಂಖ್ಯೆಯ ಟಿಕೆಟು ಮುಂದಿತ್ತು, ಪಾಳಿ ಮುಗಿಯುವಾಗ ಯಾವುದಿದೆ ಎಂದು ನೋಡಿ ಕಳೆದರೆ ಮಾರಿದ್ದು ಎಷ್ಟೆಂದು ತಿಳಿಯುತ್ತಿತ್ತು. ಅದನ್ನು ದರದಿಂದ ಗುಣಿಸಿದರೆ ಗಲ್ಲಾದಲ್ಲಿ ಇರಬೇಕಾದ ರೊಕ್ಕ. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಗೊತ್ತಾಗಿಬಿಡುತ್ತಿತ್ತು. ಮಕ್ಕಳಿಗೆ ಅರ್ಧ ಟಿಕೆಟಾದರೆ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ ಗುಮಾಸ್ತರು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು, ಲೆಕ್ಕಕ್ಕೆ ಅದೇ ಸಾಕ್ಷಿ. ಖಾನೆಯಲ್ಲಿ ಇಲ್ಲದ ದೂರದ ಊರಿಗೆ ಹೋಗುವವರಿಗೆ ಮಾತ್ರ ಕಾರ್ಬನ್ ಇಟ್ಟು ಕೈಯಲ್ಲಿ ಬರೆದ ಕಾಗದದ ಟಿಕೆಟು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು, ಹಿಂದಿನ ಸಾಲು ಗೊಣಗುತ್ತಿತ್ತು.

ಈ ಏರ್ಪಾಡನ್ನು ಕಟ್ಟಿದವರು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್. ಮೊದಲು ಮರಗೆಲಸ ಕಲಿತು ಪೀಠೋಪಕರಣ ಮಾಡುತ್ತಿದ್ದವರು, 1830ರ ದಶಕದಲ್ಲಿ ನ್ಯೂಕಾಸಲ್–ಕಾರ್ಲೈಲ್ ಮಾರ್ಗದ ಒಂದು ಸಣ್ಣ ನಿಲ್ದಾಣಕ್ಕೆ ಮಾಸ್ತರರಾಗಿ ಬಂದರು. ಪ್ರತಿ ಪ್ರಯಾಣಿಕರಿಗೂ ಕೈಯಲ್ಲಿ ಚೀಟಿ ಬರೆದುಕೊಡುವ ಪದ್ಧತಿ ಅವರಿಗೆ ಸರಿಬರಲಿಲ್ಲ. ಸಂಖ್ಯೆ ಅಚ್ಚಾದ ರಟ್ಟಿನ ತುಂಡುಗಳು, ಅವನ್ನು ಜೋಡಿಸಿಡುವ ಗೂಡು, ತಾರೀಖು ಒತ್ತುವ ಯಂತ್ರ ಎಲ್ಲವೂ ಅವರ ಯೋಚನೆ. ದಕ್ಷಿಣ ಮರಾಠಾ ರೈಲ್ವೆ ನಮ್ಮ ಸೀಮೆಗೆ ಹಳಿ ಹಾಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಮರಗೆಲಸದ ಆ ಮನುಷ್ಯ ಮಾಡಿದ ಗೂಡಿನಂಥದೇ ಗೂಡಿನಿಂದ ನೂರೈವತ್ತು ವರ್ಷಗಳ ಬಳಿಕ ನಾವು ಬಳ್ಳಾರಿಗೆ ಟಿಕೆಟು ತೆಗೆದುಕೊಂಡೆವು ಎಂದು ನೆನೆದರೆ ಇವತ್ತಿಗೂ ನನಗೆ ಗೌರವ ಮೂಡುತ್ತದೆ.

ದಿನವೂ ಓಡಾಡುವವರಿಗೆ ಟಿಕೆಟಿನ ಗೊಡವೆ ಇರಲಿಲ್ಲ, ಪಾಸು ಇತ್ತು. ಬಳ್ಳಾರಿಯಲ್ಲಿ ಓದುವವರು, ಕಚೇರಿಗೆ ಹೋಗುವವರು, ಮೇಷ್ಟ್ರುಗಳು, ತೋರಣಗಲ್ಲಿನಲ್ಲಿ ಇಳಿಯುವವರು, ಎಲ್ಲರೂ ಪಾಸಿನ ಗಿರಾಕಿಗಳೇ. ತಿಂಗಳ ಪಾಸು, ಮೂರು ತಿಂಗಳ ಪಾಸು, ಅದರ ಜೊತೆಗೆ ಫೋಟೊ ಅಂಟಿಸಿದ ಗುರುತಿನ ಚೀಟಿ. ಡಬ್ಬಿಯಲ್ಲಿ ಪಾಸಿನವರದೇ ಒಂದು ಸಂಸಾರ. ಒಬ್ಬರು ಪೇಪರು ತಂದರೆ ಅದರ ಹಾಳೆಗಳು ನಾಲ್ಕು ಕೈಗೆ ಹಂಚಿಹೋಗುತ್ತಿದ್ದವು. ಯಾರದೋ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ. ಕಡ್ಡಿರಾಂಪುರದ ನಾವು ಸುಗಂಧಿ ಬಾಳೆಹಣ್ಣಿನ ಚಿಪ್ಪು ಒಯ್ದರೆ ಗಾದಿಗನೂರು ಬರುವುದರೊಳಗೆ ಸಿಪ್ಪೆಯಷ್ಟೇ ಉಳಿಯುತ್ತಿತ್ತು. ಟಿಸಿ ಸಾಹೇಬರು ಬಂದರೆ "ಪಾಸು ತೋರಿಸ್ರೋ ಹುಡುಗ್ರಾ" ಎಂದು ಕೇಳುತ್ತಿದ್ದರು, ತೋರಿಸಿದ ಮೇಲೆ ಪರೀಕ್ಷೆ ಯಾವಾಗ, ಹೇಗೆ ಓದುತ್ತಿದ್ದೀರಿ ಎಂದು ವಿಚಾರಿಸಿ ನಮ್ಮ ನಡುವೆಯೇ ಕೂರುತ್ತಿದ್ದರು. ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಅವರ ಮನೆಗೆ ಸುದ್ದಿ ಕೇಳಲು ಹೋಗುವಷ್ಟು ಬಳಕೆ.

ಕೊಟ್ಟೂರಿನ ಗಾಡಿಯನ್ನು ಬಿಟ್ಟರೆ ಈ ನೆನಪು ಅರ್ಧವೇ. ಗುಂಡಾ ರೋಡ್ ನಿಲ್ದಾಣದಲ್ಲಿ ಕವಲೊಡೆದು ಹೋಗುತ್ತಿದ್ದ ಆ ಮೀಟರ್ ಗೇಜ್ ಗಾಡಿ ಗುರುಬಸವೇಶ್ವರರ ತೇರಿನ ಸಮಯದಲ್ಲಿ ಉಸಿರಾಡಲೂ ಜಾಗವಿಲ್ಲದಷ್ಟು ತುಂಬುತ್ತಿತ್ತು. ತಾತಂದಿರು ಟಿಕೆಟನ್ನು ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು, ಅವ್ವಂದಿರು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಓದು ಬಾರದವರೂ ಟಿಕೆಟಿನ ಬಣ್ಣ ನೋಡಿ, ತೂತು ಬಿದ್ದ ಗುರುತು ನೋಡಿ ಇದು ಸರಿ ಎಂದು ಹೇಳಬಲ್ಲವರಾಗಿದ್ದರು. ಇಳಿಯುವ ಊರಿನಲ್ಲಿ ಟಿಕೆಟನ್ನು ಗೇಟಿನಲ್ಲಿ ವಾಪಸು ಕೊಡಬೇಕು. ಕಾಡಿ ಬೇಡಿದರೆ ಒಬ್ಬಿಬ್ಬರು ಟಿಸಿಗಳು ಹಳೆಯದೊಂದನ್ನು ಮಕ್ಕಳ ಕೈಗೆ ಹಾಕುತ್ತಿದ್ದರು. ಹಾಗೆ ಸಿಕ್ಕವು ನಮ್ಮ ಬೆಂಕಿಪೊಟ್ಟಣದ ಚಿತ್ರಗಳ ಜೊತೆ ಒಂದೇ ಡಬ್ಬಿಯಲ್ಲಿ ಇರುತ್ತಿದ್ದವು. ತೊಂಬತ್ತರ ದಶಕದಲ್ಲಿ ಆ ಗಾಡಿ ನಿಂತಿತು. ಅಗಲವಾದ ಹಳಿಯ ಮೇಲೆ ಕೊಟ್ಟೂರಿನ ಮೂಲಕ ಹರಿಹರಕ್ಕೆ ಪ್ಯಾಸೆಂಜರ್ ಗಾಡಿ ಓಡಿದ್ದು 2019ರಲ್ಲಿ. ಅಷ್ಟರೊಳಗೆ ರಟ್ಟಿನ ಟಿಕೆಟಿನ ಕಾಲವೇ ಮುಗಿದಿತ್ತು.

ರೈಲ್ವೆಯ ಮುಂಗಡ ಟಿಕೆಟಿಗೆ ಕಂಪ್ಯೂಟರ್ ಮೊದಲು ಬಂದದ್ದು ದೆಹಲಿಯಲ್ಲಿ, 1986ರ ಸುಮಾರಿಗೆ. ಆಮೇಲೆ ಕಾಯ್ದಿರಿಸದ ಟಿಕೆಟಿಗೂ ಕಂಪ್ಯೂಟರ್ ಬಂತು, ಗೂಡುಗಳು ಖಾಲಿಯಾದವು, ತಾರೀಖಿನ ಯಂತ್ರ ಮೌನವಾಯಿತು. ಕೈಗೆ ಬಂದದ್ದು ತೆಳ್ಳಗಿನ ಕಾಗದ. ಆದರೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ಯಾವ ಕಿಂಡಿಯಲ್ಲಾದರೂ ಯಾವ ಊರಿಗಾದರೂ ಟಿಕೆಟು, ಕಾರ್ಬನ್ ಇಟ್ಟು ಬರೆಯುವವರೆಗೆ ಕಾಯುವ ಕಷ್ಟವಿಲ್ಲ.

2011ರ ಅಕ್ಟೋಬರ್ 20ರಂದು ಬೆಂಗಳೂರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಮ್ಮ ಮೆಟ್ರೋ ಓಡಿತು. ಪಾಸಿನ ಕಾಲದ ನಮ್ಮ ಗೆಳೆಯರಲ್ಲಿ ಹಲವರು ಆಗಲೇ ಬೆಂಗಳೂರು ಸೇರಿದ್ದರು. ಒಬ್ಬ ಗೆಳೆಯ ಮೊದಲ ಸಲ ಕಾರ್ಡು ಕೊಂಡು ಫೋನು ಮಾಡಿ, "ಅದೇ ಪಾಸು ಕಣೋ, ಆದರೆ ತಾನೇ ಲೆಕ್ಕ ಮಾಡ್ತದ" ಎಂದ. ಅವನ ಮಾತು ನಿಜ. ಕಾರ್ಡಿನೊಳಗೆ ಸಣ್ಣ ಚಿಪ್, ಅದರ ಸುತ್ತ ಕಾಣದಂತೆ ಹೆಣೆದ ತಂತಿ. ಗೇಟಿನ ಯಂತ್ರದ ಹತ್ತಿರ ಹಿಡಿದಾಗ ಅಲ್ಲಿಂದಲೇ ಶಕ್ತಿ ಪಡೆದು ಅದು ಮಾತಾಡುತ್ತದೆ. ಹತ್ತಿದ ನಿಲ್ದಾಣ ದಾಖಲಾಗುತ್ತದೆ, ಇಳಿದಲ್ಲಿ ದೂರಕ್ಕೆ ತಕ್ಕ ಹಣ ಕಡಿತವಾಗುತ್ತದೆ. ಚಿಲ್ಲರೆಯ ಜಗಳವಿಲ್ಲ, ಮೇಲಾಗಿ ರಿಯಾಯಿತಿಯೂ ಉಂಟು. 2019ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಒಂದೇ ಸಂಚಾರ ಕಾರ್ಡು ಎಂಬ ಯೋಜನೆ ಹೊರಬಂತು, ಮೆಟ್ರೋದಲ್ಲೂ ಅದು ನಡೆಯತೊಡಗಿತು. ಹಾಂಗ್‌ಕಾಂಗಿನವರು 1997ರಿಂದ, ಲಂಡನ್ನಿನವರು 2003ರಿಂದ ಇಂಥ ಕಾರ್ಡಿನಲ್ಲಿ ರೈಲು, ಬಸ್ಸು ಎರಡನ್ನೂ ಹತ್ತುತ್ತಿದ್ದಾರೆ.

ಮೆಟ್ರೋದಲ್ಲಿ ಸುಲಭವಾದದ್ದು ಉಪನಗರ ರೈಲಿನಲ್ಲಿ ಅಷ್ಟು ಸುಲಭವಲ್ಲ. ಮೆಟ್ರೋ ನಿಲ್ದಾಣಕ್ಕೆ ಸುತ್ತ ಗೋಡೆ, ಒಳಬರಲು ಗೇಟೇ ದಾರಿ. ನಮ್ಮ ರೈಲ್ವೆ ನಿಲ್ದಾಣಗಳು ನಾಲ್ಕೂ ಕಡೆ ತೆರೆದವು. ದೂರದ ಗಾಡಿಯವರು, ಹತ್ತಿರದವರು, ಬೀಳ್ಕೊಡಲು ಬಂದವರು ಎಲ್ಲರೂ ಒಂದೇ ಪ್ಲಾಟ್‌ಫಾರಮ್ಮಿನಲ್ಲಿ. ಅದಕ್ಕೇ ಮುಂಬೈಯ ಲೋಕಲ್ ಗಾಡಿಗಳಲ್ಲಿ ಕಾರ್ಡು ಬಂದಾಗಲೂ ಅದನ್ನು ಯಂತ್ರದ ಮೇಲಿಟ್ಟು ಕಾಗದದ ಟಿಕೆಟು ಪಡೆಯುವ ಪದ್ಧತಿ ಮಾಡಿದರು.

ಬೆಂಗಳೂರಿಗೆ ಈಗ ಹೊಸದಾಗಿ ಕಟ್ಟುವ ಅವಕಾಶ ಸಿಕ್ಕಿದೆ. ಕೆ-ರೈಡ್ ಸಂಸ್ಥೆಯ ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ದೊರೆತು, 2022ರ ಜೂನ್ 20ರಂದು ಶಂಕುಸ್ಥಾಪನೆ ಆಯಿತು. ಒಟ್ಟು 148 ಕಿಲೊಮೀಟರ್, ನಾಲ್ಕು ಮಾರ್ಗ: ದೇವನಹಳ್ಳಿಗೆ ಸಂಪಿಗೆ, ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿ–ವೈಟ್‌ಫೀಲ್ಡಿಗೆ ಪಾರಿಜಾತ, ಹೀಲಲಿಗೆ–ರಾಜಾನುಕುಂಟೆಗೆ ಕನಕ. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಿಗ್ಗೆ ಯಲಹಂಕದಲ್ಲಿ ಇಳಿದು ಅಲ್ಲಿಂದಲೇ ಸಂಪಿಗೆಯನ್ನೋ ಕನಕವನ್ನೋ ಹಿಡಿಯುವ ದಿನ ಬರಬೇಕು. ಜೇಬಿನಲ್ಲಿ ಒಂದೇ ಕಾರ್ಡು ಇರಬೇಕು. ಅದೇ ಕಾರ್ಡು ಮೆಟ್ರೋಗೆ, ನಗರದ ಬಸ್ಸಿಗೆ ಆಗಬೇಕು. ಇತ್ತ ಹಂಪಿ ನೋಡಲು ಬಂದು ಹೊಸಪೇಟೆಯಲ್ಲಿ ಇಳಿಯುವವರಿಗೂ ಕಡ್ಡಿರಾಂಪುರದ ಬಸ್ಸಿನಲ್ಲಿ ಅದು ನಡೆಯಬೇಕು. 2011ರ ತೆರವಿನಲ್ಲಿ ಹಂಪಿ ಬಜಾರಿನ ಮನೆಗಳನ್ನು ಕಳೆದುಕೊಂಡವರಿಗೆ ಆಮೇಲೆ ನೆಲೆ ಕೊಟ್ಟದ್ದು ನಮ್ಮ ಊರಿನಲ್ಲೇ. ಅವರ ಬದುಕು ಟೇಸನ್ನಿಗೆ ಬಂದಿಳಿಯುವ ಪ್ರವಾಸಿಗರನ್ನೇ ನೆಚ್ಚಿದೆ. ಒಂದೇ ಕಾರ್ಡಿನ ಅನುಕೂಲ ಅವರವರೆಗೂ ಮುಟ್ಟಲಿ.

ಆದರೆ ರಟ್ಟಿನ ಟಿಕೆಟು ನಮಗೆ ಕಲಿಸಿದ್ದನ್ನು ಈ ಕಾರ್ಡು ಮಾಡುವವರು ಮರೆಯಬಾರದು. ಓದು ಬಾರದ ಅವ್ವ, ಫೋನಿಲ್ಲದ ತಾತ, ಕೈಯಲ್ಲಿ ಹತ್ತು ರೂಪಾಯಿ ಮಾತ್ರ ಇರುವ ಕೂಲಿಯವರು, ಎಲ್ಲರೂ ಆ ಕಿಂಡಿಯ ಮುಂದೆ ಒಂದೇ ಸಾಲಿನಲ್ಲಿ ನಿಂತು ಒಂದೇ ಅಳತೆಯ ಟಿಕೆಟು ಪಡೆದರು. ಕಾರ್ಡಿನಲ್ಲಿ ಇಷ್ಟು ಹಣ ಇರಲೇಬೇಕು, ಬ್ಯಾಂಕಿನ ಖಾತೆ ಬೇಕು, ಮೊಬೈಲಿಗೆ ಸಂದೇಶ ಬರಬೇಕು ಎಂಬ ಷರತ್ತುಗಳು ಬೆಳೆದಷ್ಟೂ ಅವರು ಸಾಲಿನಿಂದ ಹೊರಗುಳಿಯುತ್ತಾರೆ. ಆದ್ದರಿಂದ ಕಾರ್ಡು ಎಲ್ಲ ಕಡೆ ಬರಲಿ, ಕಿಂಡಿಯೂ ಉಳಿಯಲಿ. ಕಿಂಡಿಯ ಹಿಂದೆ ಕನ್ನಡ ಮಾತಾಡುವ ಒಬ್ಬರು ಕೂತಿರಲಿ. ತಿಂಗಳ ಪಾಸಿನ ಅಗ್ಗದ ದರವೂ ಕಾರ್ಡಿನೊಳಗೆ ಸೇರಲಿ.

ನಮ್ಮ ವಾರಗೆಯ ಓದುಗರಲ್ಲಿ ಇನ್ನೊಂದು ಕೋರಿಕೆ. ಹುಬ್ಬಳ್ಳಿಯಲ್ಲಿ 2020ರಿಂದ ರೈಲು ವಸ್ತುಸಂಗ್ರಹಾಲಯ ಇದೆ. ನಿಮ್ಮ ಹಳೆಯ ಟ್ರಂಕಿನಲ್ಲಿ, ಪುಸ್ತಕದ ನಡುವೆ ರಟ್ಟಿನ ಟಿಕೆಟು, ಪಾಸು, ಫೋಟೊ ಚೀಟಿ ಸಿಕ್ಕರೆ ಬಿಸಾಡಬೇಡಿ. ಎಲ್ಲಿಂದ ಎಲ್ಲಿಗೆ, ಯಾರ ಜೊತೆ ಹೋದಿರಿ ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ, ಮೊಮ್ಮಕ್ಕಳಿಗೆ ತೋರಿಸಿ, ಆಮೇಲೆ ಅಲ್ಲಿಗೆ ಕೊಡಲು ಸಾಧ್ಯವೇ ಎಂದು ವಿಚಾರಿಸಿ.