ಕಡಲಿಂದ ಕುವೋಹಿಗೆ

ತೀರ್ಥಹಳ್ಳಿ ಕಡೆಯವರಿಗೆ ಘಟ್ಟ, ಕಡಲು ಎರಡೂ ಒಂದೇ ಬೆಳಗಿನ ಮಾತು. ಆಗುಂಬೆಯಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟ ಉಡುಪಿಯಲ್ಲಿ. ನಾನು ಇಪ್ಪತ್ತೆರಡು ವರ್ಷದಿಂದ ನೆಲೆಸಿರುವ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಹಾಗಲ್ಲ. ಇಲ್ಲಿ ಬೆಟ್ಟದ ತುದಿಯಿಂದ ಕಡಲಂಚಿನ ಮರಳುಗುಡ್ಡೆಯ ತನಕ ಒಂದು ಕಾಲುದಾರಿಯಿದೆ: ಮೌಂಟನ್ಸ್ ಟು ಸೀ ಟ್ರೇಲ್. ಉದ್ದ ಸುಮಾರು 1,175 ಮೈಲಿ, ಅಂದರೆ ಹತ್ತಿರ ಹತ್ತಿರ 1,890 ಕಿಲೋಮೀಟರು. ಬರುವ ಮಾರ್ಚ್ ಒಂದರಂದು ಅದರ ಮೇಲೆ ಹೆಜ್ಜೆಯಿಡಬೇಕು ಎಂದು ಹೊರಟಿದ್ದೇನೆ.

ಈ ದಾರಿ ಇನ್ನೂ ಮುಗಿದಿಲ್ಲ. 1977ರಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಹೊಣೆ ಹೊತ್ತಿದ್ದ ಹೋವರ್ಡ್ ಲೀ ಒಂದು ಭಾಷಣದಲ್ಲಿ ಬೆಟ್ಟದಿಂದ ಕಡಲಿಗೆ ಒಂದು ದಾರಿ ಬೇಕು ಎಂದರು. ಅದಕ್ಕೂ ಮೊದಲು, 1969ರಲ್ಲಿ, ಅವರು ಚಾಪಲ್ ಹಿಲ್ ಊರಿನ ಮೇಯರ್ ಆಗಿ ಆಯ್ಕೆಯಾಗಿದ್ದರು. ಬಿಳಿಯರೇ ಹೆಚ್ಚಿದ್ದ ದಕ್ಷಿಣದ ಊರೊಂದರಲ್ಲಿ ಕಪ್ಪು ಮನುಷ್ಯ ಗೆಲ್ಲುವುದು ಆಗದ ಮಾತು ಎನಿಸಿದ್ದ ಕಾಲ ಅದು. ಆಗದು ಎಂದು ಜನ ಕೈಬಿಟ್ಟಿದ್ದನ್ನು ಮಾಡಿ ತೋರಿಸಿದವರು ಹೀಗೊಂದು ಕನಸು ಹೇಳಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಇಪ್ಪತ್ತು ವರ್ಷದ ಮೇಲೆ, 1997ರಲ್ಲಿ, ಅಲೆನ್ ಡಿ ಹಾರ್ಟ್ ಮತ್ತು ಅಲನ್ ಹೌಸ್‌ಹೋಲ್ಡರ್ ಇಬ್ಬರೂ ಪೂರ್ತಿ ದೂರ ನಡೆದು ಮುಗಿಸಿದರು. ಅದೇ ವರ್ಷ ಡಿ ಹಾರ್ಟ್ ಈ ದಾರಿಗಾಗಿ ಒಂದು ಸ್ವಯಂಸೇವಕರ ಸಂಘ ಕಟ್ಟಿದರು. ಈವತ್ತಿಗೆ ಸುಮಾರು 700 ಮೈಲಿ ನಿಜವಾದ ಕಾಲುದಾರಿ ಆಗಿದೆ. ಮಿಕ್ಕಿದ್ದು ಡಾಂಬರು ರಸ್ತೆ.

ಹಾಗಾಗಿ ಇಲ್ಲಿ ನಡಿಗೆಗೆ ತಯಾರಾಗುವುದೆಂದರೆ ಬೂಟು, ಟೆಂಟು ಕೊಳ್ಳುವುದಷ್ಟೇ ಅಲ್ಲ. ಕಾಲುದಾರಿ ಎಲ್ಲಿ ಇಲ್ಲವೋ ಅಲ್ಲಿ ರಾತ್ರಿ ಎಲ್ಲಿ ಕಳೆಯುವುದು ಎಂಬುದಕ್ಕೆ ಉತ್ತರ ಹುಡುಕಬೇಕು.

ಮೊದಲು ದಿಕ್ಕು ತೀರ್ಮಾನವಾಗಬೇಕಿತ್ತು. ಹೆಸರಿನ ಪ್ರಕಾರ ಬೆಟ್ಟದಿಂದ ಇಳಿಯಬೇಕು. ದಾರಿಯ ಪಶ್ಚಿಮದ ತುದಿ ಸ್ಮೋಕಿ ಪರ್ವತಗಳಲ್ಲಿರುವ 6,643 ಅಡಿಯ ಶಿಖರ. ಎಲ್ಲರೂ ಕ್ಲಿಂಗ್‌ಮನ್ಸ್ ಡೋಮ್ ಎನ್ನುತ್ತಿದ್ದ ಅದಕ್ಕೆ 2024ರಲ್ಲಿ ಚೆರೋಕಿ ಜನರ ಮೂಲ ಹೆಸರು ಕುವೋಹಿ ಮರಳಿ ಬಂತು. ಉಪ್ಪುನೇರಳೆ ಇರುವ ಜಾಗ ಎಂದು ಅದರ ಅರ್ಥ. ಅಲ್ಲಿಗೆ ಹೋಗುವ ರಸ್ತೆ ಡಿಸೆಂಬರ್‌ನಿಂದ ಮಾರ್ಚ್ ಕೊನೆಯ ತನಕ ಮುಚ್ಚಿರುತ್ತದೆ. ಏಪ್ರಿಲ್‌ನಲ್ಲಿ ಅಲ್ಲಿಂದ ಹೊರಟರೆ ಕರಾವಳಿಯ ಬಯಲಿಗೆ ಬರುವ ಹೊತ್ತಿಗೆ ಜೂನ್, ಜುಲೈ. ನೆರಳಿಲ್ಲದ ಡಾಂಬರು, ಬೆವರು, ಸೊಳ್ಳೆ, ಜೊತೆಗೆ ಜೂನ್ ಒಂದರಿಂದ ಚಂಡಮಾರುತದ ಕಾಲ. ಶರತ್ಕಾಲದಲ್ಲಿ ಹೊರಟರೆ ಬೇಟೆಯ ಕಾಲ ಅಡ್ಡ ಬರುತ್ತದೆ. ಕಾಡಿನಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟೇ ನಡೆಯಬೇಕು. ಅದಕ್ಕೇ ತಿರುಗಾಮುರುಗಾ ಮಾಡಿದೆ: ಮಾರ್ಚ್‌ನ ಚಳಿಗಾಳಿಯಲ್ಲಿ ಕಡಲು, ಬೇಸಗೆಯಲ್ಲಿ ತಂಪು ಬೆಟ್ಟ. ದಿನಕ್ಕೆ ಸರಾಸರಿ 13 ಮೈಲಿ, ವಾರಕ್ಕೊಂದು ದಿನ ವಿಶ್ರಾಂತಿ. ಹದಿನೈದು ವಾರ ಹಿಡಿಯುತ್ತದೆ. ಜೂನ್ ಮಧ್ಯದಲ್ಲಿ ಕುವೋಹಿ.

"ರೀ, ಎಲ್ಲಾ ಸರಿ. ಆ ರಸ್ತೆ ಬದೀಲಿ ನಡೆಯೋದು ಹೇಗಿರತ್ತೆ ಅಂತ ಒಂದ್ಸಲ ನೋಡ್ಕೊಂಡು ಬನ್ನಿ. ಆಮೇಲೆ ಹೊರಡೋ ಮಾತು," ಎಂದಳು ಹೆಂಡತಿ. ಅವಳು ಹೇಳಿದ್ದು ನ್ಯಾಯವಾಗಿತ್ತು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಅವಳೇ ಕಾರಿನಲ್ಲಿ ನನ್ನನ್ನು ಕರಾವಳಿ ಬಯಲಿನ ಸ್ಯಾಂಪ್ಸನ್ ಕೌಂಟಿಯಲ್ಲಿ ಇಳಿಸಿ, ಹದಿನಾಲ್ಕು ಮೈಲಿ ಮುಂದೆ ಕಾಯುತ್ತೇನೆಂದು ಹೊರಟುಹೋದಳು. ಎರಡೂ ಕಡೆ ಸಿಹಿಗೆಣಸು ಕಿತ್ತು ಬರಿದಾದ ಹೊಲ, ದೂರದಲ್ಲಿ ಹಂದಿ ಸಾಕಣೆಯ ಉದ್ದನೆಯ ಶೆಡ್ಡುಗಳು. ರಸ್ತೆಯ ಬಿಳಿ ಗೆರೆ, ಅದರಾಚೆ ಒಂದು ಅಡಿ ಹುಲ್ಲು, ಅದರಾಚೆ ನೀರು ನಿಂತ ಚರಂಡಿ. ನನಗೆ ಸಿಕ್ಕ ದಾರಿ ಆ ಒಂದು ಅಡಿ ಹುಲ್ಲು. ಎದುರು ಬರುವ ವಾಹನ ಕಾಣಲಿ ಎಂದು ರಸ್ತೆಯ ಎಡಬದಿಯಲ್ಲೇ ನಡೆದೆ. ಮರದ ದಿಮ್ಮಿ ಹೊತ್ತ ಲಾರಿ ಹಾದಾಗ ಮೊದಲು ಗಾಳಿ ಎದೆಗೆ ಗುದ್ದುತ್ತದೆ, ಆಮೇಲೆ ಪೈನ್ ತೊಗಟೆಯ ಚೂರು ಮುಖಕ್ಕೆ ಸಿಡಿಯುತ್ತದೆ. ನಾಲ್ಕನೆಯ ಲಾರಿಯ ಹೊತ್ತಿಗೆ ಸದ್ದು ಕೇಳಿದ ಕೂಡಲೇ ಟೋಪಿ ಹಿಡಿದು ಚರಂಡಿಯಂಚಿಗೆ ಸರಿದು ನಿಲ್ಲುವುದು ಕಲಿತಿದ್ದೆ. ಎರಡು ಮನೆಗಳಿಂದ ನಾಯಿಗಳು ರಸ್ತೆಯವರೆಗೂ ಓಡಿಬಂದವು. ಊರುಗೋಲು ಮುಂದೆ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು.

ಹತ್ತನೆಯ ಮೈಲಿಯಲ್ಲಿ ಒಂದು ಸಣ್ಣ ಬಿಳಿ ಚರ್ಚು. ಮೆಟ್ಟಿಲ ಮೇಲೆ ಕೂತು ಗೊಜ್ಜವಲಕ್ಕಿ ಡಬ್ಬಿ ತೆರೆದೆ. ಪಿಕಪ್ ಟ್ರಕ್ಕಿನಲ್ಲಿ ಬಂದ ಮುದುಕರೊಬ್ಬರು ಇಳಿದು, ಗಾಡಿ ಕೆಟ್ಟಿದೆಯೇ ಎಂದು ವಿಚಾರಿಸಿದರು. ನಡೆಯುತ್ತಿದ್ದೇನೆ, ಮಾರ್ಚ್‌ನಲ್ಲಿ ಕಡಲಿಂದ ಬೆಟ್ಟಕ್ಕೆ ಹೋಗುವವನಿದ್ದೇನೆ, ಆಗ ಒಂದು ರಾತ್ರಿ ಇಲ್ಲಿ ಟೆಂಟು ಹಾಕಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಬೂಟು ನೋಡಿದರು. ಆಮೇಲೆ ಚರ್ಚಿನ ಹಿಂದಕ್ಕೆ ಕರೆದುಕೊಂಡು ಹೋಗಿ ಗೋಡೆಯ ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದರು. ಪೆಕಾನ್ ಮರದ ಕೆಳಗೆ ನೆಲ ಒಣಗಿರುತ್ತದೆ, ಅಲ್ಲಿ ಹಾಕು, ಭಾನುವಾರವಾದರೆ ಪ್ರಾರ್ಥನೆ ಮುಗಿದ ಮೇಲೆ ಊಟವೂ ಉಂಟು ಎಂದರು. ನಕ್ಷೆಯಲ್ಲಿ ಆ ಜಾಗಕ್ಕೆ ಒಂದು ಸುತ್ತು ಹಾಕಿಕೊಂಡೆ. ಬಯಲು ಸೀಮೆಯಲ್ಲಿ ಇಂಥ ಸುತ್ತುಗಳು ಈಗ ಒಂಬತ್ತಾಗಿವೆ. ರಸ್ತೆಯ ಪಕ್ಕದ ಹೊಲ, ತೋಪು ಎಲ್ಲಾ ಖಾಸಗಿ. ಕೇಳದೆ ಟೆಂಟು ಹಾಕುವುದು ತಪ್ಪು. ಅದಲ್ಲದೆ ಒಬ್ಬ ನಡಿಗೆಯವನು ಕದ್ದು ಮಲಗಿದರೆ ಆ ಜಮೀನಿನವರು ಮುಂದೆ ದಾರಿಗೆ ಜಾಗ ಬಿಡುವ ಮಾತಿಗೇ ಬರುವುದಿಲ್ಲ. ದಾರಿ ಮುಂದುವರಿಯುವುದು ಮಾಲೀಕರ ಒಪ್ಪಿಗೆಯಿಂದ, ಒಂದೊಂದು ತುಂಡಾಗಿ.

ಬೇರೆ ಕಡೆಗಳ ಲೆಕ್ಕ ಬೇರೆ. ಕಡಲಂಚಿನ ದ್ವೀಪಸಾಲಾದ ಔಟರ್ ಬ್ಯಾಂಕ್ಸ್‌ನ ಕೇಪ್ ಹ್ಯಾಟರಸ್ ತೀರದಲ್ಲಿ ಮರಳಿನ ಮೇಲೆ ಟೆಂಟು ಹಾಕುವಂತಿಲ್ಲ. ಚಳಿಗಾಲದಲ್ಲಿ ಅಲ್ಲಿನ ಕೆಲವು ಕ್ಯಾಂಪ್‌ಗ್ರೌಂಡುಗಳು ಮುಚ್ಚಿರುವುದರಿಂದ ಮೊದಲ ವಾರಕ್ಕೆ ರೂಮುಗಳನ್ನೇ ಹಿಡಿದಿದ್ದೇನೆ. ಹ್ಯಾಟರಸ್‌ನಿಂದ ಓಕ್ರಕೋಕ್ ದ್ವೀಪಕ್ಕೆ, ಅಲ್ಲಿಂದ ಸೀಡರ್ ಐಲ್ಯಾಂಡಿಗೆ ಎರಡು ಫೆರ‍್ರಿ. ಎರಡನೆಯದು ಎರಡು ಗಂಟೆಗೂ ಹೆಚ್ಚಿನ ಪ್ರಯಾಣ. ಪಶ್ಚಿಮದಲ್ಲಿ ದಾರಿ ಬಹುದೂರ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟಸಾಲಿನ ರಸ್ತೆಯ ಜೊತೆಗೇ ಸಾಗುತ್ತದೆ. ಪಾರ್ಕ್‌ವೇ ಜಾಗದಲ್ಲಿ ದಾರಿ ಪಕ್ಕ ಮಲಗುವಂತಿಲ್ಲ. ಲಿನ್‌ವಿಲ್ ನದಿಗೆ ಸೇತುವೆಯಿಲ್ಲ, ಇಳಿದೇ ದಾಟಬೇಕು. ಮಳೆ ಬಂದು ನದಿ ಏರಿದ್ದರೆ ಕಾಯುವುದು ಬಿಟ್ಟು ಬೇರೆ ಯೋಚನೆ ಸಲ್ಲದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಹೆಲೀನ್ ಚಂಡಮಾರುತ ಈ ಬೆಟ್ಟಗಳಲ್ಲಿ ರಸ್ತೆಗಳನ್ನೇ ಕೊಚ್ಚಿಕೊಂಡು ಹೋಯಿತು. ನಡಿಗೆಯ ದಾರಿ ಮೇಲೆ ಸಾವಿರಾರು ಮರ ಬಿದ್ದವು. ಆ ಭಾಗದ ನನ್ನ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಅಲ್ಲಿಗೆ ಹೋಗುವ ವಾರ ಯಾವ ತುಂಡು ತೆರೆದಿದೆ ಎಂದು ಮತ್ತೆ ವಿಚಾರಿಸಬೇಕು.

ಊಟದ ಚಿಂತೆ ಹೆಂಡತಿ ವಹಿಸಿಕೊಂಡಿದ್ದಾಳೆ. ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ, ಹುರಿಗಡಲೆ ಉಂಡೆ. ವಾರಕ್ಕೊಂದು ಪೊಟ್ಟಣ ಮುಂದಿನ ಊರಿನ ಪೋಸ್ಟ್ ಆಫೀಸಿಗೆ ನನ್ನ ಹೆಸರಲ್ಲಿ ಹೋಗಿ ಕೂತಿರುತ್ತದೆ.

ನನ್ನ ಮನಸ್ಸು ನೆಚ್ಚಿಕೊಂಡಿರುವುದು ಮನೆಗೆ ಹತ್ತಿರದ ಫಾಲ್ಸ್ ಲೇಕ್ ದಂಡೆಯ ಕಾಲುದಾರಿಯನ್ನು. ಸುಮಾರು 60 ಮೈಲಿ, ಎಲ್ಲವೂ ಸ್ವಯಂಸೇವಕರ ಕೈಕೆಲಸ. ಬೀಚ್ ಮರಗಳ ನಯವಾದ ಬೂದು ತೊಗಟೆಯ ಮೇಲೆ ಮೂರು ಅಂಗುಲದ ದುಂಡು ಬಿಳಿ ಚುಕ್ಕೆ, ಒಂದು ದಾಟಿದರೆ ಇನ್ನೊಂದು. ಕಳೆದ ನವೆಂಬರ್‌ನಲ್ಲಿ ಅಲ್ಲಿ ಒಂದು ದಿನದ ಶ್ರಮದಾನಕ್ಕೆ ಹೋಗಿದ್ದೆ. ಇಳಿಜಾರಿನಲ್ಲಿ ದಾರಿ ಕಡಿಯುವಾಗ ಕೆರೆಯ ಕಡೆಗೆ ಒಂದಿಷ್ಟು ಓರೆ ಕೊಡಬೇಕು, ಇಲ್ಲವಾದರೆ ಮಳೆನೀರು ದಾರಿಯಲ್ಲೇ ಹರಿದು ಕೊರಕಲು ಮಾಡುತ್ತದೆ ಎಂದು ಮುಂದಾಳು ಹೇಳಿಕೊಟ್ಟರು. ಅಡಿಕೆ ತೋಟದಲ್ಲಿ ಅಪ್ಪಯ್ಯನ ಹಿಂದೆ ಬಸಿಗಾಲುವೆ ಬಿಡಿಸುತ್ತಾ ಬೆಳೆದವನಿಗೆ ಆ ಮಾತು ಬೇಗ ತಲೆಗೆ ಹೋಯಿತು. ಹನ್ನೆರಡು ಜನ, ಆರು ಗಂಟೆ, ಕೆಂಪು ಜೇಡಿ, ಬೇರು, ಕಲ್ಲು. ಸಂಜೆ ಅಳೆದಾಗ ನಲವತ್ತು ಮೀಟರು ಕೊರಕಲು ಬಿದ್ದ ದಾರಿ ಸರಿಯಾಗಿತ್ತು. ಆ ನಲವತ್ತು ಮೀಟರನ್ನು ನಾನು ಏಪ್ರಿಲ್‌ನಲ್ಲಿ ಬೆನ್ನಿಗೆ ಚೀಲ ಹೊತ್ತು ದಾಟುತ್ತೇನೆ.

ರಾಲಿ, ಕ್ಯಾರಿ, ಡರಮ್ ಕಡೆಯ ಕನ್ನಡದ ಬಂಧುಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ಈ ದಾರಿಯ ಯಾವುದಾದರೂ ಒಂದು ತುಂಡು ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಬಿಳಿ ಚುಕ್ಕೆ ತೋರಿಸಿ. ಒಂದು ಶನಿವಾರ ಬಿಡುವಿದ್ದರೆ ದಾರಿ ಕೆಲಸಕ್ಕೆ ಕೈ ಹಾಕಿ. ಸಲಕರಣೆ ಸಂಘದವರೇ ಕೊಡುತ್ತಾರೆ, ದಪ್ಪ ಕೈಗವಸು ಮತ್ತು ಬುತ್ತಿ ತೆಗೆದುಕೊಂಡು ಹೋದರೆ ಸಾಕು.