ತಿಳಿಯೂ ಶುದ್ಧಿಯೂ

ಸಿದ್ಧಾರ್ಥನಗರದಿಂದ ಕಾರಂಜಿ ಕೆರೆ ದೂರವಿಲ್ಲ. ಬೆಳಗಿನ ಹೊತ್ತು ಅಲ್ಲಿ ನಿಂತ ವೃದ್ಧರೊಬ್ಬರು, “ಕತಕದ ಬೀಜವನ್ನು ತೇದರೆ ಎಂಥ ಬಗ್ಗಡವೂ ತಿಳಿಯಾಗುವುದು, ಸುಶ್ರುತಸಂಹಿತೆಯೇ ಹೇಳಿದೆ” ಎಂದರು. ರಸಾಯನಶಾಸ್ತ್ರವನ್ನು ಓದುವ ಮೊಮ್ಮಗಳು, “ತಿಳಿಯಾದುದೆಲ್ಲ ಶುದ್ಧವೇ, ತಾತ?” ಎಂದು ಕೇಳಿದಳು.

ಪ್ರಶ್ನೆ ಸಣ್ಣದಲ್ಲ. ಕತಕದಿಂದ ಮಣ್ಣು ತಳಕ್ಕಿಳಿಯುವುದು. ಕರಗಿಹೋದ ಬಟ್ಟೆಯ ಬಣ್ಣ ಹಾಗೆ ಇಳಿಯದು. ಅದಕ್ಕೆ ವಿಜ್ಞಾನಿಗಳು ಬೇರೊಂದು ಉಪಾಯವನ್ನು ಪರೀಕ್ಷಿಸುತ್ತಿದ್ದಾರೆ. ತುಳಸಿ, ಬೇವು ಮೊದಲಾದವುಗಳ ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟಿನ ದ್ರಾವಣಕ್ಕೆ ಬೆರೆಸಿದರೆ, ಎಲೆಯ ಸತ್ತ್ವವು ಕರಗಿದ ಬೆಳ್ಳಿಯನ್ನು ಮರಳಿ ಲೋಹವಾಗಿಸಿ, ಅದರ ಕಣಗಳು ಒಂದಕ್ಕೊಂದು ಅಂಟದಂತೆ ಕಾಯುವುದು. ದ್ರವ ಹಳದಿಯಾಗಿ, ಬಳಿಕ ಕಂದಾಗುವುದು. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಇಂಥ ಕಣದ ಗಾತ್ರ ಅಂಥ 100ನ್ನು ಮೀರದು. ಬೆಳಕು ಬಿದ್ದೊಡನೆ ಕಣದ ಎಲೆಕ್ಟ್ರಾನುಗಳು ಉದ್ರಿಕ್ತವಾಗಿ, ನೀರಿನಿಂದಲೂ ಆಮ್ಲಜನಕದಿಂದಲೂ ಉಗ್ರವಾದ ಅಣುಖಂಡಗಳು ಹುಟ್ಟಿ, ಮೆಥಿಲೀನ್ ಬ್ಲೂವಿನಂಥ ಬಣ್ಣದ ಅಣುವನ್ನು ತುಂಡರಿಸುವುವು.

ನೀಲಿ ಮಾಯವಾದುದನ್ನು ಕಂಡು ಹಿಗ್ಗುವುದು ಸಹಜ. ಆದರೆ ಕಾಣದ ತುಂಡುಗಳು ಉಳಿದಿರಬಹುದು. ಅವೂ ಇಂಗಾಲಾಮ್ಲ ವಾಯು, ನೀರು, ಲವಣಗಳಾಗುವವರೆಗೆ ಶುದ್ಧಿ ಪೂರ್ಣವಲ್ಲ. ಮೇಲಾಗಿ ರೋಗಾಣುಗಳನ್ನು ಕೊಲ್ಲುವ ಬೆಳ್ಳಿ ಕೆರೆಗೆ ಸೇರಿದರೆ ಮೀನಿಗೂ ಪಾಚಿಗೂ ಕೇಡು. ಎಲೆಯ ಸಹಾಯದಿಂದ ಹುಟ್ಟಿತೆಂದ ಮಾತ್ರಕ್ಕೆ ಅದು ಸಾಧುವಾಗದು. ಆದುದರಿಂದ ಕಣಗಳನ್ನು ಗಾಜು, ಜೇಡಿ ಮುಂತಾದ ಆಧಾರಕ್ಕೆ ಹತ್ತಿಸಿ, ಕಾರ್ಖಾನೆಯ ತೊಟ್ಟಿಯಲ್ಲಿಯೇ ಕೆಲಸ ಮುಗಿಸಿ, ಮರಳಿ ತೆಗೆದುಕೊಳ್ಳಬೇಕು.

“ಹಾಗಾದರೆ ಔಷಧವನ್ನೂ ಸೋಸಬೇಕು” ಎಂದರು ತಾತ. “ಅದಕ್ಕೂ ಮೊದಲು ಕೊಳೆಯನ್ನು ಕೆರೆಗೆ ಬಿಡದಿರಬೇಕು” ಎಂದಳು ಮೊಮ್ಮಗಳು. ಶಾಸ್ತ್ರದ ಸಮ್ಮತಿಗಾಗಿ ವೃದ್ಧರು ಹುಡುಕಲಿಲ್ಲ; ತಲೆದೂಗಿದರು.