ಮಾರಿಕಣಿವೆಯ ಹಿನ್ನೀರಿಗೆ ಗುಡಾರ ಹೊತ್ತು

ವಾಣಿವಿಲಾಸ ಸಾಗರವನ್ನು ಹಿರಿಯೂರು ಸೀಮೆಯ ಜನ ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ, ಕಟ್ಟಿ ಮುಗಿಸಿದ ಅಣೆಕಟ್ಟು ಇದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ನೀರು! 2025ರ ಜನವರಿಯಲ್ಲೂ ತುಂಬಿ ಹರಿಯಿತು. ಬರಕ್ಕೆ ಹೆಸರಾದ ಚಿತ್ರದುರ್ಗ ಜಿಲ್ಲೆಯ ನಡುವೆ ಇಷ್ಟು ನೀರು ನಿಂತಿರುವಾಗ ಅದರ ದಡದಲ್ಲಿ ಒಂದು ರಾತ್ರಿ ಕಳೆಯಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು.

ಮನೆಯಲ್ಲಿ ಮಾತೆತ್ತಿದಾಗ ಎಲ್ಲರ ಬಾಯಲ್ಲೂ ಸಕಲೇಶಪುರ, ಚಿಕ್ಕಮಗಳೂರು. ಗುಡಾರವೆಂದರೆ ಮಲೆನಾಡೇ ಆಗಬೇಕೆಂದು ಯಾರು ಹೇಳಿದರೋ! ತಂಗಿಯ ಮಗಳು ಮಾತ್ರ ಒಂದು ಷರತ್ತಿನ ಮೇಲೆ ಒಪ್ಪಿದಳು: "ಮಾಮ, ಗ್ಲಾಂಪಿಂಗ್ ಆದ್ರೆ ಬರ್ತೀನಿ. ನೆಲದ ಮೇಲೆ ಮಲಗಲ್ಲ." ಮಂಚ, ಹಾಸಿಗೆ, ದೀಪ, ಪಕ್ಕದಲ್ಲೇ ಬಚ್ಚಲು ಇರುವ ಗುಡಾರ ಬೇಕು ಅವಳಿಗೆ. ಅದಕ್ಕೆ ರೆಸಾರ್ಟನ್ನೇ ಹುಡುಕಬೇಕಾಗಿಲ್ಲ. ಊರೂರಲ್ಲೂ ಶಾಮಿಯಾನ ಅಂಗಡಿ ಇರುತ್ತದೆ. ಮಡಚುವ ಮಂಚ, ಹಾಸಿಗೆ, ಜಮಖಾನ, ಕುರ್ಚಿ, ಬ್ಯಾಟರಿ ದೀಪ, ದಪ್ಪ ಬಟ್ಟೆಯ ಗುಡಾರ ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಮದುವೆ ಸೀಸನ್ ನೋಡಿಕೊಂಡು ಮೊದಲೇ ಹೇಳಿಟ್ಟರೆ ಅವರೇ ಗೂಡ್ಸ್ ಆಟೋದಲ್ಲಿ ತಂದು ಕಟ್ಟಿಕೊಟ್ಟು ಹೋಗುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಜಾಗ. ಅಣೆಕಟ್ಟೆಯ ಆಸುಪಾಸಿನ ನೆಲ ಸರ್ಕಾರದ್ದು. ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಅಲ್ಲಿ ಗೂಟ ಹೊಡೆಯುವ ಹಾಗಿಲ್ಲ. ಹಾಗಾಗಿ ಹಿನ್ನೀರಿನ ಅಂಚಿನಲ್ಲಿ ಸ್ವಂತ ಹೊಲ ಇರುವ ರೈತರೊಬ್ಬರನ್ನು ಸ್ನೇಹಿತರ ಮೂಲಕ ಹಿಡಿದೆ. ತೆಂಗಿನ ತೋಟ, ತೋಟದಲ್ಲಿ ಮನೆ, ಮನೆಯ ಹಿಂದೆ ಕಕ್ಕಸು, ಬಚ್ಚಲು. ಹೆಂಗಸರು, ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ವಿಚಾರಿಸಬೇಕಾದ್ದು ಇದನ್ನೇ. ಹಿನ್ನೀರಿನ ನೋಟ ಆಮೇಲಿನದು.

ದಿನ ಗೊತ್ತುಮಾಡುವಾಗ ನಾನು ಡಿಸೆಂಬರಿನ ಅಮಾವಾಸ್ಯೆಯನ್ನು ಸೂಚಿಸಿದೆ. ನಕ್ಷತ್ರ ನೋಡಲು ಕತ್ತಲೆ ಬೇಕಲ್ಲ. ಫೋನಿನಲ್ಲಿ ರೈತರ ತಾಯಿ ಖಡಾಖಂಡಿತವಾಗಿ ಹೇಳಿದರು: "ಅಮಾಸಿ ದಿನ ನೀರಿನ್ ದಂಡೆಗೆ ಮಲಗಾದು ಬ್ಯಾಡಪ್ಪ. ಎಲ್ಡ್ ದಿನ ಬಿಟ್ಟು ಬರ್ರಿ." ಅವರ ಮಾತಿನಂತೆ ಬಿದಿಗೆಗೆ ಹೋದೆವು. ಬಿದಿಗೆಯ ಚಂದ್ರ ಸಂಜೆ ಮುಖ ತೋರಿಸಿ ಬೇಗನೆ ಮುಳುಗುತ್ತಾನೆ. ಅವರ ಮನಸ್ಸಿಗೂ ಸಮಾಧಾನ, ನಮಗೂ ರಾತ್ರಿಯಿಡೀ ಕತ್ತಲೆ.

ಬೆಂಗಳೂರಿನಿಂದ ಪುಣೆ ಹೆದ್ದಾರಿಯಲ್ಲಿ ತುಮಕೂರು, ಸಿರಾ ದಾಟಿದರೆ ಹಿರಿಯೂರು. ಸುಮಾರು 160 ಕಿಲೋಮೀಟರ್. ಹಿರಿಯೂರಿನಲ್ಲಿ ಶುದ್ಧ ನೀರಿನ ಘಟಕದಿಂದ ಕ್ಯಾನುಗಳನ್ನು ತುಂಬಿಸಿಕೊಂಡೆವು. ಈ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯಲು, ಅಡುಗೆಗೆ ಬೇರೆ ನೀರು ಒಯ್ಯುವುದೇ ಸರಿ. ಊರು ಬಿಟ್ಟ ಮೇಲೆ ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ, ಅಲ್ಲಲ್ಲಿ ಈರುಳ್ಳಿ ಹೊಲ, ದೂರದ ಗುಡ್ಡಗಳ ನೆತ್ತಿಯಲ್ಲಿ ಸಾಲು ಸಾಲು ಗಾಳಿಯಂತ್ರ. ನಡುವೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ನೀಲಿ ಹರವು. ಕಾರಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು.

ನೀರಿನಂಚಿಗೇ ಗುಡಾರ ಹಾಕೋಣವೆಂದು ಜೊತೆಗೆ ಬಂದಿದ್ದ ಹುಡುಗರು ಓಡಿದರು. ರೈತರು ತಡೆದರು. "ಅಲ್ಲಿ ಎರೆ ಐತೆ ಸಾರ್. ಒಂದು ಹನಿ ಬಿದ್ರೆ ಗಾಡಿ ಮ್ಯಾಲೆ ಏಳಲ್ಲ. ಬೆಳಗಿನ ಜಾವಕ್ಕೆ ಮಂಜು ಬಿದ್ದು ಎಲ್ಲಾ ತೊಯ್ದೋಗ್ತೈತೆ. ಮ್ಯಾಲೆ ಕೆಮ್ಮಣ್ಣಾಗೆ ಹಾಕ್ರಿ." ಕೋಡಿ ಬಿದ್ದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಒಂದು ತೆಂಗಿನ ಮರದ ಬುಡ ತೋರಿಸಿದರು. ಗುಡಾರ ಅದಕ್ಕಿಂತ ಮೇಲೆ ಹೋಯಿತು. ಚಳಿಗಾಲದಲ್ಲಿ ಇಲ್ಲಿ ಬೀಸುವುದು ಮೂಡಗಾಳಿ, ಆದ್ದರಿಂದ ಬಾಗಿಲನ್ನು ಪಡುವಣಕ್ಕೆ ಇಟ್ಟೆವು.

ಗುಡಾರ ಹಾಕುವ ಮುನ್ನ ಮನೆಯಾಕೆ ತೊಗರಿ ಬರಲು ಹಿಡಿದು ಬಂದರು. ನಾನು ನಾಲ್ಕು ಸಲ ಓಡಾಡಿ ಚೊಕ್ಕಟವಾಗಿದೆ ಎಂದುಕೊಂಡ ನೆಲವದು. ಆಕೆ ಬಗ್ಗಿ ಒತ್ತಿ ಗುಡಿಸಿದಂತೆ ಮಣ್ಣಿನಡಿಯಿಂದ ಒಂದೊಂದೇ ಮೇಲೆ ಬಂತು: ಬೆರಳುದ್ದದ ಜಾಲಿ ಮುಳ್ಳು, ಒಣಗಿ ಗಟ್ಟಿಯಾದ ನೆಗ್ಗಿಲ ಮುಳ್ಳು, ಜೋಳದ ಕೂಳೆಯ ಚೂಪು ತುದಿ. ಗುಡಿಸಿದ್ದನ್ನು ಅಲ್ಲೇ ಬಿಡದೆ ಗುಡ್ಡೆ ಮಾಡಿ ಸುಟ್ಟರು. ಬಯಲುಸೀಮೆಯಲ್ಲಿ ಮಲಗುವವರಿಗೆ ಇದೊಂದು ಕೆಲಸ ಮರೆಯಬಾರದ್ದು. ಮುಳ್ಳಿಗೆ ಟೆಂಟಿನ ತಳವೂ ತಡೆಯುವುದಿಲ್ಲ, ಕಾರಿನ ಚಕ್ರವೂ ತಡೆಯುವುದಿಲ್ಲ.

ರಾತ್ರಿ ಮುದ್ದೆ, ಅವರೆಕಾಳಿನ ಸಾರು, ಕೆಂಡದಲ್ಲಿ ಸುಟ್ಟ ಕಡಲೆಕಾಯಿ. ಒಂಬತ್ತರ ಹೊತ್ತಿಗೆ ದೀಪಗಳನ್ನೆಲ್ಲ ಆರಿಸಿ ಮಂಚಗಳನ್ನು ಗುಡಾರದಿಂದ ಹೊರಗೆಳೆದೆವು. ನೆತ್ತಿಯ ಹತ್ತಿರ ಕೃತ್ತಿಕೆ, ಅದರ ಕೆಳಗೆ ಕೆಂಪಗೆ ರೋಹಿಣಿ, ಮೂಡಣದಲ್ಲಿ ಮೃಗಶಿರ, ಆರಿದ್ರಾ. ಮಳೆ ನಕ್ಷತ್ರಗಳ ಹೆಸರಾಗಿ ಮಾತ್ರ ಕೇಳಿದ್ದ ರೋಹಿಣಿ, ಆರಿದ್ರಾಗಳನ್ನು ತಂಗಿಯ ಮಗಳು ಮೊದಲ ಸಲ ಆಕಾಶದಲ್ಲಿ ಕಂಡಳು. ಮಲೆನಾಡಿನಲ್ಲಿ ಮರ, ಬೆಟ್ಟ ಅಡ್ಡ ಬಂದು ಆಕಾಶದ ಒಂದು ತುಂಡು ಸಿಗುತ್ತದೆ. ಇಲ್ಲಿ ಅಂಚಿನಿಂದ ಅಂಚಿಗೆ ಎಲ್ಲವೂ ಕಾಣುತ್ತದೆ. ಗಾಳಿಯಂತ್ರಗಳ ಕೆಂಪು ದೀಪಗಳು ಮಾತ್ರ ದಿಗಂತದಲ್ಲಿ ಮಿಣುಕುತ್ತಿದ್ದವು. ನಡುರಾತ್ರಿ ಎಲ್ಲೋ ಟಿಟ್ಟಿಭ ಕೂಗಿತು. ರಗ್ಗು ಹೊದ್ದರೂ ಬೆಳಗಿನ ಜಾವ ಚಳಿ ಬಿಡಲಿಲ್ಲ. ಬಯಲುಸೀಮೆ ಎಂದು ಸ್ವೆಟರ್ ಬಿಟ್ಟು ಹೋಗುವ ಹಾಗಿಲ್ಲ.

ಬೆಳಕು ಹರಿಯುವ ಮುಂಚೆಯೇ ಮೀನುಗಾರರ ಹರಿಗೋಲು ನೀರಿಗಿಳಿದಿತ್ತು. ಬುಟ್ಟಿಯಂತೆ ಗುಂಡಗಿನ ಹರಿಗೋಲಿನಲ್ಲಿ ಗಂಡ ಬಲೆ ಎಳೆಯುತ್ತಿದ್ದರೆ ಹೆಂಡತಿ ಹುಟ್ಟು ಹಾಕುತ್ತಿದ್ದಳು. ದಡಕ್ಕೆ ಬಂದು ಬಲೆ ಬಿಡಿಸುವಾಗ ಜಿಲೇಬಿ ಮೀನಿನ ಬೆನ್ನುಮುಳ್ಳು ಬಲೆಯ ಒಂದೊಂದು ಕಣ್ಣಿಗೂ ಸಿಕ್ಕಿಕೊಂಡಿತ್ತು. ಆಕೆ ಮೀನನ್ನು ಹಿಂದಕ್ಕೆ ಎಳೆಯಲಿಲ್ಲ. ತಲೆಯ ಕಡೆಯಿಂದ ಮುಂದಕ್ಕೇ ತಳ್ಳಿ, ಹೆಬ್ಬೆರಳಿನಿಂದ ರೆಕ್ಕೆ ಮಡಚಿ, ಬಲೆ ಹರಿಯದ ಹಾಗೆ ಬಿಡಿಸಿದಳು. ಹೊತ್ತೇರುವ ಮೊದಲೇ ಆ ಮೀನು ನಮ್ಮ ಹೆಂಚಿನ ಮೇಲಿತ್ತು.

ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಕಡೆ. ಮಲೆನಾಡಿನ ಮಳೆಯೇ ಇಷ್ಟು ದೂರ ಹರಿದು ಬಂದು ಈ ಒಣ ಸೀಮೆಯಲ್ಲಿ ನಿಂತಿರುವುದು. ಈಗ ಹಿರಿಯೂರು, ಚಿತ್ರದುರ್ಗ ಪಟ್ಟಣಗಳು ಕುಡಿಯುವುದೂ ಈ ನೀರನ್ನೇ. ಆದರೂ ದಡದ ಒಂದೆಡೆ ಒಡೆದ ಬಾಟಲಿ, ಪ್ಲಾಸ್ಟಿಕ್ ತಟ್ಟೆಗಳ ರಾಶಿ ಕಂಡು ಸಂಕಟವಾಯಿತು. ಬರಿಗಾಲಲ್ಲಿ ಬಲೆ ಎಳೆಯುವವರ ದಾರಿ ಅದು, ದನಕರು ನೀರು ಕುಡಿಯಲು ಇಳಿಯುವ ಜಾಗ ಅದು.

ಹೋಗುವುದಾದರೆ ನವೆಂಬರಿನಿಂದ ಜನವರಿಯೊಳಗೆ ಹೋಗಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬಯಲಿನ ಸಿಡಿಲಿಗೆ ಗುಡಾರದಲ್ಲಿ ರಕ್ಷಣೆಯಿಲ್ಲ. ಮಕ್ಕಳನ್ನು ನೀರಿಗೆ ಇಳಿಸಬೇಡಿ. ದಡದ ಹೂಳಿನಲ್ಲಿ ಕಾಲು ಹೂತರೆ ದೊಡ್ಡವರಿಗೂ ಕೀಳುವುದು ಕಷ್ಟ. ಹೊಲದವರನ್ನು ಕೇಳಿಯೇ ಗೂಟ ಹೊಡೆಯಿರಿ, ಊಟವನ್ನು ಅವರ ಮನೆಯಲ್ಲೇ ಹೇಳಿ, ದುಡ್ಡು ಕೊಡಿ. ಒಯ್ದ ಕಸವನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ವಾಪಸ್ ತನ್ನಿ.